ಎಚ್‌ಎಂಟಿ ಪೈಲಟ್: ಹೊಳಪು ಕೊಡದೆ ಬೆಲೆ ಉಳಿಸಿಕೊಂಡ ಲೆಕ್ಕ

ಹಳೆಯ ಎಚ್‌ಎಂಟಿ ಪೈಲಟ್ ವಾಚಿನ ಡಯಲ್‌ಗೆ ಹೊಸ ಬಣ್ಣ ಹಾಕಿಸಿ, ಕೇಸ್‌ಗೆ (ಹೊರಕವಚಕ್ಕೆ) ಬಫ್ ಹೊಡೆಸಿ ಹೊಳಪು ಕೊಟ್ಟರೆ ಬೇಗ ಮಾರಾಟವಾಗುತ್ತದೆ ಅನ್ನುವವರೇ ಹೆಚ್ಚು. ಬೇಗ ಹೋಗುವುದೇನೋ ನಿಜ. ಅದೇ ವಾಚನ್ನು ಕೊಂಡವನು ಮತ್ತೊಬ್ಬನಿಗೆ ಮಾರಲು ಹೊರಟಾಗ ಅರ್ಧ ಬೆಲೆಯೂ ಹುಟ್ಟುವುದಿಲ್ಲ. ನಾನು ಮಾಡಿದ್ದು ಇದಕ್ಕೆ ತದ್ವಿರುದ್ಧ: ಕಲೆ ಬಿದ್ದ ಡಯಲ್ಲನ್ನು ಹಾಗೇ ಬಿಟ್ಟೆ, ಮಷಿನ್ ಮಾತ್ರ ಸರಿಮಾಡಿದೆ, ಪ್ರತಿ ಹಂತದ ಫೋಟೋ ಇಟ್ಟುಕೊಂಡು ಕಾದೆ. 'ಇಂಥ ಕೊಳಕು ವಾಚ್ ಯಾರು ತಗೋತಾರೆ ಸ್ವಾಮಿ' ಅಂದವರೇ ಈಗ ಫೋನ್ ಮಾಡಿ ಸ್ಟಾಕ್ ಕೇಳುತ್ತಾರೆ. ಎರಡೂವರೆ, ಮೂರು ಸಾವಿರಕ್ಕೆ ಕೊಂಡವು ಏಳು ಸಾವಿರದ ಆಚೀಚೆ ಹೋಗುತ್ತಿವೆ. ಬಣ್ಣ ಬಳಿದವು ಎರಡು ಸಾವಿರ ದಾಟುವುದೇ ಕಷ್ಟ.

ಹಾಗಾದರೆ ಬೆಲೆ ಹಿಡಿದಿಡುವುದು ಯಾವುದು? ಲಿಮಿಟೆಡ್ ಎಡಿಷನ್ (ಇಷ್ಟೇ ವಾಚು ಅಂತ ಮಾಡಿದ್ದು) ಅಂದಕೂಡಲೇ ಎಲ್ಲರೂ ಮೊದಲು ನೋಡುವುದು ಹಿಂಬದಿ ಮುಚ್ಚಳದ ಮೇಲಿನ ನಂಬರ್. ಅದೊಂದೇ ಬೆಲೆ ಹಿಡಿದಿಡುವುದಿಲ್ಲ. ಒಮೆಗಾ ಸ್ಪೀಡ್‌ಮಾಸ್ಟರ್ ಸ್ನೂಪಿಯನ್ನೇ ನೋಡಿ. 2003ರದ್ದು 5,441 ವಾಚು. ಅಪೋಲೊ 13ರ ಯಾನ 142 ಗಂಟೆ 54 ನಿಮಿಷ 41 ಸೆಕೆಂಡು ನಡೆಯಿತು, ಅದರ ಕೊನೆಯ ಅಂಕಿಗಳವು. 2015ರದ್ದು 1,970 ವಾಚು; 1970 ಅಂದರೆ ಒಮೆಗಾಗೆ ನಾಸಾದ ಗಗನಯಾತ್ರಿಗಳು ಕೊಡುವ ಸಿಲ್ವರ್ ಸ್ನೂಪಿ ಪ್ರಶಸ್ತಿ ಸಿಕ್ಕ ವರ್ಷ. 2020ರದ್ದಕ್ಕೆ ಸಂಖ್ಯೆಯ ಮಿತಿಯೇ ಇಲ್ಲ, ಆದರೂ ಶೋರೂಮ್ ಬೆಲೆಗಿಂತ ಮೇಲಕ್ಕೇ ಕೈ ಬದಲಾಯಿಸಿತು. ಇತ್ತ ಸ್ಟ್ರಾಪ್ ಬಣ್ಣ ಬದಲಿಸಿ ಐದು ಸಾವಿರ ನಂಬರ್ ಹಾಕಿ ಬಿಟ್ಟ ಎಷ್ಟೋ ಎಡಿಷನ್‌ಗಳು ಡಿಸ್ಕೌಂಟ್‌ನಲ್ಲಿ ಕೊಳೆಯುತ್ತವೆ. ಸ್ವಿಸ್ ಕಂಪನಿ ಪಾಟೆಕ್‌ನ ನಾಟಿಲಸ್ ವಾಚಿಗೆ ಆಭರಣದಂಗಡಿ ಟಿಫನಿಯ ನೀಲಿ ಬಣ್ಣದ ಡಯಲ್ ಬಂದದ್ದು ಬರೀ 170 ವಾಚಿನಲ್ಲಿ. 2021ರ ಡಿಸೆಂಬರ್‌ನಲ್ಲಿ ಅದರಲ್ಲೊಂದು 65 ಲಕ್ಷ ಡಾಲರ್‌ಗೆ ಹರಾಜಾಯಿತು. ಅಲ್ಲೂ ಜನ ದುಡ್ಡು ಸುರಿದದ್ದು ಡಯಲ್‌ಗೆ. ಅದೇ ಕೇಸ್, ಅದೇ ಮಷಿನ್ ಬೇರೆ ಡಯಲ್‌ನಲ್ಲಿ ಅದರ ಹತ್ತಿರಕ್ಕೂ ಸುಳಿಯುವುದಿಲ್ಲ.

ಪೈಲಟ್ ಲಿಮಿಟೆಡ್ ಆಗಿ ಹುಟ್ಟಿದ್ದಲ್ಲ. 1961ರಲ್ಲಿ ಜಪಾನಿನ ಸಿಟಿಜನ್ ಕಂಪನಿ ಜೊತೆ ಬೆಂಗಳೂರಿನಲ್ಲಿ ಶುರುವಾದ ಕಾರ್ಖಾನೆ ಲಕ್ಷಗಟ್ಟಲೆ ಕೀ ಕೊಡುವ ವಾಚು ಮಾಡಿತು. 2014ರಲ್ಲಿ ಮುಚ್ಚುವ ಸುದ್ದಿ ಬಂತು, 2016ರಲ್ಲಿ ಕೇಂದ್ರ ಸಂಪುಟ ಒಪ್ಪಿಗೆ ಕೊಟ್ಟಿತು, ತುಮಕೂರಿನ ಜಾಗ ಇಸ್ರೋಗೆ ಹೋಯಿತು. ಆಮೇಲೆ ಸಂಖ್ಯೆ ಇಳಿಸಿದವರು ರೀಡಯಲ್ ಮಾಡುವವರು, ಅಂದರೆ ಹಳೆಯ ಡಯಲ್ ತೊಳೆದು ಹೊಸದಾಗಿ ಬಣ್ಣ ಹೊಡೆಯುವವರು. ಅವರು ಒಂದೊಂದು ಡಯಲ್ ತೊಳೆದಾಗಲೂ ಮೂಲ ಪೈಲಟ್ ಒಂದು ಕಮ್ಮಿಯಾಗುತ್ತದೆ. ನಮ್ಮ ಹತ್ತಿರ ಇರುವುದರ ಬೆಲೆ ಅವರೇ ಏರಿಸಿಕೊಡುತ್ತಿದ್ದಾರೆ ಅನ್ನಬೇಕು.

ಕೊಳ್ಳುವಾಗ 10x ಲೂಪ್ (ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಭೂತಗನ್ನಡಿ) ಸಾಕು. ನಿಮಿಷದ ಗೆರೆಗಳು ಗಂಟೆಯ ಗುರುತಿಗೆ ಸರಿಯಾಗಿ ಎದುರಾಗಬೇಕು. ರೀಡಯಲ್‌ನಲ್ಲಿ ಒಂದು ಪಕ್ಕ ಸರಿಯಿದ್ದರೆ ಇನ್ನೊಂದು ಪಕ್ಕ ಕೂದಲೆಳೆಯಷ್ಟು ಜಾರಿರುತ್ತದೆ. ಡಯಲ್ ಮೇಲೆ ಬರೆದ 'ಪ್ಯಾರಾಶಾಕ್' ಅಕ್ಷರದ ಅಂಚು ಊದಿಕೊಂಡಿದ್ದರೆ ಬಿಡಿ. ನಡುವಿನ ತೂತಿನ ಅಂಚಿನಲ್ಲಿ ಬಣ್ಣ ದಪ್ಪವಾಗಿ ಕೂತಿದ್ದರೂ ಬಿಡಿ. ಕಡುಗೆಂಪು, ಗಿಳಿಹಸಿರು ಪೈಲಟ್ ತೋರಿಸಿ ಅಪರೂಪದ್ದು ಅಂದರೆ ನಕ್ಕು ಮುಂದೆ ಹೋಗಿ. ಯುವಿ ಟಾರ್ಚ್ ಹಾಯಿಸಿ ಆರಿಸಿದ ಮೇಲೂ ಅಂಕಿಗಳು ಬಹಳ ಹೊತ್ತು ಜಗಮಗ ಅಂದರೆ ಹೊಳಪುಡಿ (ಕತ್ತಲಲ್ಲಿ ಹೊಳೆಯುವ ಪುಡಿ) ಹೊಸದು. ಹಳೆಯದು ತಟ್ಟನೆ ಮಂಕಾಗುತ್ತದೆ. ಮುಳ್ಳಿನ ಪುಡಿ, ಡಯಲ್‌ನ ಪುಡಿ ಒಂದೇ ಬಣ್ಣಕ್ಕೆ ತಿರುಗಿರಬೇಕು. ಮಷಿನ್ ಹೊರತೆಗೆಯಲು ಬಿಟ್ಟರೆ ಡಯಲ್ಲನ್ನು ಮಷಿನ್‌ಗೆ ಸಿಕ್ಕಿಸುವ ಹಿಂಬದಿಯ ಎರಡೂ ಕಾಲುಗಳನ್ನು ನೋಡಿ. ಕತ್ತರಿಸಿ ಅಂಟು ಹಾಕಿದ್ದರೆ ಅದು ಬೇರೆ ವಾಚಿನಿಂದ ಬಂದದ್ದು. ಇನ್ನೊಂದು ಗುರುತು ಇದೆ, ಆರರ ಅಂಕಿಯ ಆಸುಪಾಸಿನಲ್ಲಿ. ಅದನ್ನು ಇಲ್ಲಿ ಬರೆಯುವುದಿಲ್ಲ. ಬರೆದ ಮರುವಾರವೇ ರೀಡಯಲ್‌ನವರು ಅದನ್ನೂ ತಿದ್ದಿಕೊಳ್ಳುತ್ತಾರೆ.

ಡಯಲ್ ಒಳ್ಳೆಯದಿದ್ದರೆ ಮಷಿನ್ ಸತ್ತಿದ್ದರೂ ಚಿಂತೆಯಿಲ್ಲ. 17 ಜ್ಯುವೆಲ್‌ನ (ಗಾಲಿಗಳು ತಿರುಗುವ ಕಲ್ಲುಗಳು) ಈ ಮಷಿನ್‌ಗೆ ಎಚ್‌ಎಂಟಿಯದೇ ಇನ್ನೊಂದು ವಾಚಾದ ಜನತಾದ ಭಾಗಗಳು ಕೂರುತ್ತವೆ. ಕೆಟ್ಟ ಜನತಾ 400–600ಕ್ಕೆ ಸಿಗುತ್ತದೆ. ಹೆಚ್ಚು ಕೈಕೊಡುವುದು ಕೀ ಕಡ್ಡಿ ಮತ್ತು ಅದರ ಸುತ್ತಲಿನ ಸಣ್ಣ ಸನ್ನೆಗಳು: ಕ್ರೌನ್‌ನಿಂದ ಬೆವರು ಒಳಗಿಳಿದು ತುಕ್ಕು. ಕರಾವಳಿಯಿಂದ ಬಂದ ವಾಚುಗಳಲ್ಲಿ ಇದು ಗ್ಯಾರಂಟಿ, ನಾನಂತೂ ಅವಕ್ಕೆ ಮೊದಲೇ 500 ಕಮ್ಮಿ ಹೇಳುತ್ತೇನೆ. ಅಲ್ಟ್ರಾಸಾನಿಕ್ ಯಂತ್ರದಲ್ಲಿ ತೊಳೆದ ಮೇಲೆ ಮೋಬಿಯಸ್‌ನ ಎಣ್ಣೆ, ಗ್ರೀಸ್ ಹಾಕಬೇಕು: ಬ್ಯಾಲೆನ್ಸ್ (ಅತ್ತಿತ್ತ ತೂಗುವ ಚಕ್ರ) ಜ್ಯುವೆಲ್‌ಗೆ 9010, ಅದನ್ನು ತಳ್ಳುವ ಪ್ಯಾಲೆಟ್ ಫೋರ್ಕ್‌ನ ಕಲ್ಲಿಗೆ 9415, ಭಾರ ಹೊರುವ ಗಾಲಿಗಳಿಗೆ ಡಿ5. ಪ್ಯಾಲೆಟ್ ಫೋರ್ಕ್‌ನ ಪಿವಟ್‌ಗೆ ಎಣ್ಣೆ ಬೇಡ. ಪೂರ್ತಿ ಕೀ ಕೊಟ್ಟು, ಟೈಮ್‌ಗ್ರಾಫರ್‌ನಲ್ಲಿ (ವಾಚಿನ ಬಡಿತ ಅಳೆಯುವ ಯಂತ್ರ) ಲಿಫ್ಟ್ ಆಂಗಲ್ ಸೆಟ್ಟಿಂಗ್ 52ಕ್ಕೇ ಬಿಟ್ಟು, ಡಯಲ್ ಮೇಲ್ಮುಖವಾಗಿಟ್ಟು ಅಳೆದರೆ ಆಂಪ್ಲಿಟ್ಯೂಡ್, ಅಂದರೆ ಬ್ಯಾಲೆನ್ಸ್ ತೂಗುವ ಕೋನ, 250–270 ಡಿಗ್ರಿ ಬರಬೇಕು. ತೊಳೆದ ಮೇಲೂ 190ರಲ್ಲೇ ನಿಂತರೆ ಮೈನ್‌ಸ್ಪ್ರಿಂಗ್ (ಕೀ ಕೊಟ್ಟಾಗ ಸುತ್ತಿಕೊಳ್ಳುವ ಸ್ಪ್ರಿಂಗ್) ಸೋತಿದೆ. ಇನ್ನೂರು ರೂಪಾಯಿಗೆ ಹೊಸದು ಹಾಕಿ, ಹಳೆಯದಕ್ಕೆ ಮತ್ತೆ ಗ್ರೀಸ್ ಮೆತ್ತಿ ಕಾಲ ಕಳೆಯಬೇಡಿ. ದಿನಕ್ಕೆ ಹತ್ತಿಪ್ಪತ್ತು ನಿಮಿಷ ಮುಂದೆ ಓಡಿದರೆ ವೇಗ ಹೊಂದಿಸುವ ರೆಗ್ಯುಲೇಟರ್ ಮುಟ್ಟುವ ಮೊದಲು ಕಾಂತತೆ ತೆಗೆಯುವ ಡಿಮ್ಯಾಗ್ನೆಟೈಸರ್ ಮೇಲೆ ಇಡಿ.

ಮುಳ್ಳು ಕೀಳುವುದೇ ದೊಡ್ಡ ಗಂಡಾಂತರ. ಒಣಗಿದ ಹೊಳಪುಡಿ ಉದುರಿ ಮಷಿನ್‌ಗೆ ಬೀಳುತ್ತದೆ. ಒಮ್ಮೆ ಉದುರಿದರೆ ಬೆಲೆಯಲ್ಲಿ ಸಾವಿರ ರೂಪಾಯಿ ಹೋಯಿತು ಅಂತಲೇ ಲೆಕ್ಕ. ಡಯಲ್ ಮೇಲೆ ಪ್ಲಾಸ್ಟಿಕ್ ಹಾಳೆ ಹಾಸಿ ಕೀಳಿ. ಬಿರುಕು ಕಂಡರೆ ಮುಳ್ಳಿನ ಹಿಂಬದಿಯಿಂದ ತೆಳುವಾಗಿ ಬೈಂಡರ್ (ಪುಡಿ ಹಿಡಿದಿಡುವ ಅಂಟು) ಕೊಡಿ, ಮುಂಬದಿ ಮುಟ್ಟಬೇಡಿ. ಪುಡಿ ಯಾವ ಕಾಲದ್ದೇ ಇರಲಿ, ಮಾಸ್ಕ್ ಇಲ್ಲದೆ ಕೂರಬೇಡಿ. ಡಯಲ್‌ಗೆ ರೋಡಿಕೋ (ಕೊಳೆ ಎತ್ತುವ ಮೆತ್ತನೆಯ ಮೇಣದಂಥ ಮುದ್ದೆ) ಒತ್ತಿ ತೆಗೆಯುವುದು ಬಿಟ್ಟರೆ ಇನ್ನೇನೂ ಇಲ್ಲ. ನೀರು, ಉಗುಳು, ಲೆನ್ಸ್ ಕ್ಲೀನರ್ ಯಾವುದೂ ಸಲ್ಲ. ಕೊಳೆಯ ಜೊತೆ ಅಕ್ಷರವೂ ಎದ್ದುಬರುತ್ತದೆ.

ಹಲವು ಪೈಲಟ್‌ಗಳ ಕೇಸ್ ಹಿತ್ತಾಳೆ, ಮೇಲೆ ಕ್ರೋಮ್. ಬಫ್ ಹಚ್ಚಿದರೆ ಲಗ್‌ಗಳ (ಸ್ಟ್ರಾಪ್ ಸಿಕ್ಕಿಸುವ ಕೊಂಬುಗಳು) ಮೂಲೆಯಲ್ಲಿ ಮೊದಲು ಹಳದಿ ಕಾಣುತ್ತದೆ, ಆಮೇಲೆ ಮರುಲೇಪನ, ಅಲ್ಲಿಗೆ ಕೇಸ್‌ನ ಅಂಚೆಲ್ಲ ದುಂಡಗೆ. ಟೂತ್‌ಪಿಕ್‌ನಿಂದ ಕೊಳೆ ತೆಗೆದು, ಗಾಜನ್ನು ಮಾತ್ರ ಪಾಲಿವಾಚ್ ಎಂಬ ಪಾಲಿಶ್ ಪೇಸ್ಟ್‌ನಲ್ಲಿ ಉಜ್ಜಿದರೆ ಸಾಕು. ಗಾಜು ಸೀಳಿದ್ದರೆ ಹೊಸದು ನೂರು ರೂಪಾಯಿ. ಅಳತೆ ಕೊಂಚ ಸಡಿಲವಾದರೂ ಮಳೆಗಾಲದಲ್ಲಿ ಒಳಗೆ ಮಂಜು ಕಟ್ಟುತ್ತದೆ, ಕಪ್ಪು ಡಯಲ್ ಮೇಲೆ ಬಿಳಿ ಚುಕ್ಕೆ ಏಳುತ್ತದೆ.

ಇದೇ ವಿಧಾನವನ್ನು ಎಚ್‌ಎಂಟಿಯ ಚಿನ್ನದ ಗಿಲೀಟಿನ ಆಟೊಮ್ಯಾಟಿಕ್ ವಾಚು ಕಾಂಚನ್ ಮೇಲೂ ನೋಡಿದೆ. ಗಿಟ್ಟಲಿಲ್ಲ. ಮಾಸಿದ ಚಿನ್ನದ ಬಣ್ಣವನ್ನು ಯಾರೂ ಮೆಚ್ಚುವುದಿಲ್ಲ. ಆಟೊಮ್ಯಾಟಿಕ್ ಮಷಿನ್‌ನ ದಿನ, ತಾರೀಖಿನ ಚಕ್ರಗಳಿಗೆ ಹಿಡಿಯುವ ಹೊತ್ತಿನಲ್ಲಿ ಎರಡು ಪೈಲಟ್ ಮುಗಿಯುತ್ತವೆ. ಸ್ಪಂಜಿನ ಬಾಕ್ಸ್‌ನಲ್ಲಿ ಇಟ್ಟು ನೋಡಿದ್ದೂ ಅಷ್ಟೆ: ಎರಡು ಮಳೆಗಾಲಕ್ಕೆ ಸ್ಪಂಜು ಅಂಟಂಟಾಗಿ ಮುಚ್ಚಳಕ್ಕೆ ಮೆತ್ತಿತು. ಈಗ ಬಟರ್ ಪೇಪರ್ ಸುತ್ತಿ, ಸಿಲಿಕಾ ಜೆಲ್ ಹಾಕಿದ ಸ್ಟೀಲ್ ಡಬ್ಬಿಯಲ್ಲಿ ಇಡುತ್ತೇನೆ. ತಿಂಗಳಿಗೊಮ್ಮೆ ಕೀ ಕೊಟ್ಟು, ಜೆಲ್ ಬಣ್ಣ ತಿರುಗಿದ್ದರೆ ಹುರಿದು ಹಾಕುತ್ತೇನೆ.

ದುಡ್ಡಿನ ಮಾತು. ಕೊಳ್ಳುವುದು 2,500–3,000, ಭಾಗಗಳು ಐನೂರರೊಳಗೆ, ಸರ್ವಿಸ್ ಹೊರಗೆ ಕೊಟ್ಟರೆ 700–800. ಸುಮಾರು ನಾಲ್ಕರಲ್ಲಿ ಒಂದು ಬಿಡಿಭಾಗಕ್ಕೇ ಮೀಸಲು, ಆ ನಷ್ಟವನ್ನು ಉಳಿದ ಮೂರರ ಮೇಲೆ ಹಂಚಬೇಕು. ಎಲ್ಲ ಕಳೆದು ವಾಚಿಗೆ ಎರಡು ಸಾವಿರದ ಹತ್ತಿರ ಉಳಿಯುತ್ತದೆ. ಆದರೆ ಎಂಟು ಹತ್ತು ತಿಂಗಳು ದುಡ್ಡು ಡಬ್ಬಿಯಲ್ಲೇ ಕೂತಿರುತ್ತದೆ; ಸಾಲ ಮಾಡಿ ಇಳಿಯುವ ವ್ಯಾಪಾರವಲ್ಲ.

ಮಾರುವಾಗ ಕೊಡುವ ಫೋಟೋಗಳು: ಗಾಜು ತೆಗೆದ ಡಯಲ್, ಡಯಲ್‌ನ ಹಿಂಬದಿ ಕಾಲುಗಳ ಸಮೇತ, ತೊಳೆಯುವ ಮುಂಚಿನ ಮತ್ತು ನಂತರದ ಮಷಿನ್, ಟೈಮ್‌ಗ್ರಾಫರ್ ಪರದೆ, ಮುಚ್ಚಳದ ನಂಬರ್. ಯಾವ ಭಾಗ ಜನತಾದಿಂದ ಬಂತು ಅನ್ನುವುದನ್ನೂ ಚೀಟಿಯಲ್ಲಿ ಬರೆಯುತ್ತೇನೆ. ಬರೆದರೆ ಬೆಲೆ ಬೀಳುತ್ತದೆ ಅಂತ ಹೆದರಿಸಿದವರಿದ್ದರು. ಕೊಂಡವರು ಮರುಮಾರಾಟದಲ್ಲಿ ಆ ಚೀಟಿಯನ್ನೇ ಮುಂದಿಟ್ಟು ಇನ್ನೂ ಐನೂರೋ ಸಾವಿರವೋ ಹೆಚ್ಚಿಗೆ ಕೇಳುತ್ತಿದ್ದಾರೆ. ಚೀಟಿಯನ್ನು ಬಾಲ್‌ಪೆನ್‌ನಲ್ಲಿ ಬರೆಯಿರಿ; ಥರ್ಮಲ್ ಪ್ರಿಂಟ್ ಎರಡೇ ವರ್ಷಕ್ಕೆ ಬಿಳಿ ಹಾಳೆಯಾಗುತ್ತದೆ.