ಸ್ಪೀಕರ್ ಬದಲಿಸುವ ಮೊದಲು ಜಾಗ ಬದಲಿಸಿ ನೋಡಿ

ಬದಿಯಡ್ಕದ ನಮ್ಮ ಹಳೇ ಮನೆಯಲ್ಲಿ ಕಾವಿ ನೆಲ, ಬೋಳು ಗೋಡೆ, ಯಕ್ಷಗಾನದ ಆಡಿಯೋ ಹಾಕಿದ್ರೆ ಚೆಂಡೆ ಪೆಟ್ಟು ಇಡೀ ರೂಮಲ್ಲಿ ಗುಂಯ್ ಅಂತ ತಿರುಗ್ತಿತ್ತು, ಭಾಗವತರ ಪದ ಒಂದಕ್ಷರ ಗೊತ್ತಾಗ್ತಿರ್ಲಿಲ್ಲ. ಹೊಸ ಸ್ಪೀಕರ್ ಏನೂ ಬೇಡ ಮಾರಾಯ್ರೆ. ಮೊದಲು ಮೂಲೆಯಿಂದ ಈಚೆ ಎಳೀರಿ, ಹಿಂದಿನ ಗೋಡೆಯಿಂದ 2 ಅಡಿಯಾದ್ರೂ ದೂರ ಇರ್ಲಿ, ಬೇಸ್‌ನ ಗುಂಯ್ ಸುಮಾರು ಕಡಿಮೆ ಆಗ್ತದೆ. ಎರಡು ಸ್ಪೀಕರ್ ನಡುವೆ 6 ಅಡಿ ಇದ್ರೆ ನೀವು ಕೂರುವುದೂ ಎರಡರಿಂದ 6 ಅಡಿ, ಟ್ವೀಟರ್ (ಸ್ಪೀಕರಿನೊಳಗೆ ತೀಕ್ಷ್ಣ ಸ್ವರ ಕೊಡುವ ಸಣ್ಣ ಭಾಗ) ಕಿವಿ ಮಟ್ಟಕ್ಕೆ. ಮುಂದೆ ನೆಲಕ್ಕೆ ದಪ್ಪ ಜಮಖಾನ ಹಾಸಿ. ಆಂಪ್ಲಿಫೈಯರಿಂದ ಸ್ಪೀಕರಿಗೆ ಹೋಗುವ ವಯರ್ ಪ್ಲಸ್ಸಿಗೆ ಪ್ಲಸ್ಸು, ಮೈನಸ್ಸಿಗೆ ಮೈನಸ್ಸು, ನಾನು ಒಂದು ಬದಿ ಉಲ್ಟಾ ಕೊಟ್ಟು ಬೇಸೇ ಇಲ್ಲ ಅಂತ ತಿಂಗಳುಗಟ್ಟಲೆ ತಲೆ ಕೆಡಿಸ್ಕೊಂಡಿದ್ದೆ! ನಮ್ಮೂರ ಮಳೆಗೆ ತಾಮ್ರದ ತುದಿ ಹಸಿರು ಹಿಡೀತದೆ, ಆಟಿ (ತುಳುನಾಡಿನ ಜೋರು ಮಳೆಯ ತಿಂಗಳು) ಮುಗಿದ ಮೇಲೆ ಆಂಪ್ಲಿಫೈಯರ್ ಆಫ್ ಮಾಡಿ ಆ ತುದಿ ಕತ್ತರಿಸಿ ಹೊಸದಾಗಿ ಸುಲಿದು ಸಿಕ್ಕಿಸಿ.