ಶಿಲುಬೆಯನ್ನು ಕಾಫಿ ಕಣದವರೆಗೆ ತರುವುದು ಹೇಗೆ

ಕೊಡಗಿನಲ್ಲಿ ಈಸ್ಟರ್ ಬರುವುದು ಹೂಮಳೆಯ ಕಾಲದಲ್ಲಿ. ಹಬ್ಬ ಮಾರ್ಚ್ 22ಕ್ಕಿಂತ ಮೊದಲಾಗಲಿ ಏಪ್ರಿಲ್ 25ರ ನಂತರವಾಗಲಿ ಬೀಳುವುದಿಲ್ಲ. ಆಸುಪಾಸಿನ ವಾರಗಳಲ್ಲಿ ಒಂದು ಮಳೆ ಸುರಿದರೆ ಎಂಟು ಹತ್ತು ದಿನಕ್ಕೆ ಕಾಫಿ ತೋಟವೆಲ್ಲ ಬೆಳ್ಳಗೆ ಹೂವಾಗಿ, ಮಲ್ಲಿಗೆಯಂಥ ಪರಿಮಳ ಚರ್ಚಿನ ಕಿಟಕಿಯವರೆಗೂ ತೇಲಿ ಬರುತ್ತದೆ. ಹಾಗಾಗಿ ಒಣಗಿದ ರೆಂಬೆ ಹೂವಾದಂತೆ ಕ್ರಿಸ್ತನೂ ಎದ್ದನು ಎಂಬ ಹೋಲಿಕೆ ನಮ್ಮ ಕಡೆಯ ಪ್ರಬೋಧನೆಗಳಲ್ಲಿ ಸುಲಭವಾಗಿ ಬಂದುಬಿಡುತ್ತದೆ. ನನಗೆ ಅದು ಅಷ್ಟಾಗಿ ಒಪ್ಪುವುದಿಲ್ಲ. ಆ ರೆಂಬೆಯಲ್ಲಿ ಮೊಗ್ಗು ಮೊದಲೇ ಕಾದಿತ್ತು, ಮಳೆ ಅದನ್ನು ಎಬ್ಬಿಸಿತು, ಅಷ್ಟೆ. ಕಾಂಡಕೊರಕ ಹುಳು ಹೊಕ್ಕು ಸತ್ತ ಅರೇಬಿಕಾ ಕಾಫಿ ಗಿಡವನ್ನು ನೋಡಿದವರಿಗೆ ಗೊತ್ತು: ಎಷ್ಟು ಮಳೆ ಬಿದ್ದರೂ ಅದು ಹೂವಾಗದು, ಅದನ್ನು ಕಿತ್ತು ಸುಡುವುದೊಂದೇ ದಾರಿ. ಯೇಸು ಸತ್ತದ್ದು ಆ ಗಿಡ ಸತ್ತಂತೆ, ಪೂರ್ತಿಯಾಗಿ. ಆತನು ಎದ್ದದ್ದು ಪ್ರಕೃತಿಯ ಕ್ರಮದಿಂದಲ್ಲ, ದೇವರ ಕೈಯಿಂದ. ಈ ವ್ಯತ್ಯಾಸ ಮನಸ್ಸಿಗೆ ಇಳಿಯದಿದ್ದರೆ ಶುಭ ಶುಕ್ರವಾರ ಒಂದು ಅಳು, ಭಾನುವಾರ ಒಂದು ಹಬ್ಬದ ಊಟ, ಸೋಮವಾರದಿಂದ ಮತ್ತೆ ಹಳೆಯ ಲೆಕ್ಕ ಎಂಬಂತಾಗುತ್ತದೆ. ಆ ಸೋಮವಾರದಿಂದ ಮುಂದೆ ಏನು ಮಾಡಬಹುದು ಎಂಬುದನ್ನು, ನಾನು ಮಾಡಿ ನೋಡಿದಷ್ಟರ ಮಟ್ಟಿಗೆ, ಇಲ್ಲಿ ಬರೆಯುತ್ತಿದ್ದೇನೆ.

ಯಾವುದು ಶಿಲುಬೆ, ಯಾವುದು ಅಲ್ಲ

ಮೊದಲು ಮಾತನ್ನು ಸರಿಪಡಿಸಿಕೊಳ್ಳಬೇಕು. ಮಂಡಿನೋವು, ಇಳಿದ ಕಾಳುಮೆಣಸಿನ ದರ, ಹಟಮಾರಿ ಮಗ, ಎಲ್ಲವನ್ನೂ "ಇದು ನನ್ನ ಶಿಲುಬೆ" ಎಂದು ಹೇಳುವ ಅಭ್ಯಾಸ ನಮ್ಮಲ್ಲಿದೆ. ರೋಮಿನ ಆಳ್ವಿಕೆಯಲ್ಲಿ ಶಿಲುಬೆಯೆಂದರೆ ಗುಲಾಮರನ್ನೂ ದಂಗೆಕೋರರನ್ನೂ ದಾರಿಹೋಕರ ಕಣ್ಣೆದುರು ಅವಮಾನಿಸಿ ಕೊಲ್ಲುವ ಶಿಕ್ಷೆಯಾಗಿತ್ತು. ಮರಕ್ಕೆ ತೂಗುಹಾಕಲ್ಪಟ್ಟವನು ಶಾಪಗ್ರಸ್ತನೆಂದು ಮೋಶೆಯ ಧರ್ಮಶಾಸ್ತ್ರವೂ ಹೇಳುತ್ತಿತ್ತು. ಯೇಸು ಅದಕ್ಕೆ ಸಿಕ್ಕಿಬಿದ್ದವನಲ್ಲ. ನನ್ನ ಪ್ರಾಣವನ್ನು ಯಾರೂ ಕಿತ್ತುಕೊಳ್ಳುವುದಿಲ್ಲ, ನಾನಾಗಿಯೇ ಕೊಡುತ್ತೇನೆ ಎಂಬರ್ಥದ ಆತನ ಮಾತು ಯೋಹಾನನ ಹತ್ತನೆಯ ಅಧ್ಯಾಯದಲ್ಲಿದೆ. ಆದ್ದರಿಂದ ನಿಮ್ಮ ಹೆಗಲ ಮೇಲಿನ ಭಾರ ಶಿಲುಬೆಯೋ ಅಲ್ಲವೋ ಎಂದು ತಿಳಿಯಲು ಎರಡು ಪ್ರಶ್ನೆ ಕೇಳಿಕೊಂಡರೆ ಸಾಕು: ಇದರಿಂದ ಇನ್ನೊಬ್ಬರಿಗೆ ಒಳಿತಾಗುತ್ತಿದೆಯೇ, ಮತ್ತು ಇದನ್ನು ನಾನು ಮನಸಾರೆ ಎತ್ತಿಕೊಂಡಿದ್ದೇನೆಯೇ. ಎರಡಕ್ಕೂ ಇಲ್ಲವೆಂಬ ಉತ್ತರ ಬಂದರೆ ಅದು ಕಷ್ಟ ಹೌದು, ಶಿಲುಬೆಯಲ್ಲ; ಕಷ್ಟಕ್ಕೆ ಔಷಧಿಯನ್ನೋ ವಕೀಲರನ್ನೋ ಹುಡುಕುವುದರಲ್ಲಿ ವಿಶ್ವಾಸದ ಕೊರತೆಯೇನೂ ಇಲ್ಲ.

ಇಲ್ಲಿ ಒಂದು ಮಾತನ್ನು ಒತ್ತಿ ಹೇಳಲೇಬೇಕು. ಗಂಡನಿಂದ ಹೊಡೆತ ತಿನ್ನುವ ಹೆಣ್ಣುಮಗಳಿಗೆ "ಶಿಲುಬೆಯೆಂದು ಹೊತ್ತುಕೊಳ್ಳಮ್ಮ" ಎಂದು ಯಾರೂ ಹೇಳಬಾರದು. ಹಿರಿಯರು ಹೇಳಿದರೂ ತಪ್ಪು, ಪ್ರಾರ್ಥನಾ ಕೂಟದಲ್ಲಿ ಹೇಳಿದರೂ ತಪ್ಪು. ಅವಳಿಗೆ ಬೇಕಾದದ್ದು ಬಾಗಿಲು ಭದ್ರವಾಗಿರುವ ಒಂದು ಮನೆ ಮತ್ತು 181 ಸಹಾಯವಾಣಿಗೆ ಕರೆಮಾಡಲು ಒಂದು ಫೋನು. ಕುರೇನೆ ಪಟ್ಟಣದ ಸಿಮೋನನ ಕಥೆಯನ್ನು ನೆನಪಿಸಿಕೊಳ್ಳಿ. ಅವನು ಹೊಲದ ಕಡೆಯಿಂದ ಬರುತ್ತಿದ್ದಾಗ ಸೈನಿಕರು ಅವನನ್ನು ಬಲವಂತವಾಗಿ ಹಿಡಿದು ಯೇಸುವಿನ ಶಿಲುಬೆ ಹೊರಿಸಿದರೆಂದು ಮಾರ್ಕನು ಬರೆದಿದ್ದಾನೆ. ಒಬ್ಬರ ಮೇಲೆ ಇನ್ನೊಬ್ಬರು ಭಾರ ಹೇರಿರುವಲ್ಲಿ ಕ್ರೈಸ್ತನ ಕೆಲಸ ಉಪದೇಶವಲ್ಲ, ಆ ಮರದ ಇನ್ನೊಂದು ತುದಿಗೆ ಹೆಗಲು ಕೊಡುವುದು.

ಶಿಲುಬೆ ಹೊತ್ತು ನನ್ನನ್ನು ಹಿಂಬಾಲಿಸಲಿ ಎಂಬ ಕರೆ ಮತ್ತಾಯ, ಮಾರ್ಕ, ಲೂಕ ಮೂವರಲ್ಲಿಯೂ ಇದೆ. "ಪ್ರತಿದಿನ" ಎಂಬ ಪದವನ್ನು ಸೇರಿಸಿದವನು ಲೂಕನೊಬ್ಬನೇ. ಆ ಪದವನ್ನೇ ಹಿಡಿದುಕೊಂಡು ಮುಂದೆ ಹೋಗೋಣ.

ಬೆಳಗಿನ ನೀರು

ಹಾಸಿಗೆಯಿಂದೆದ್ದು ಮುಖ ತೊಳೆಯುವಾಗ, ಕೈಯಲ್ಲಿ ನೀರಿರುವಾಗಲೇ, ನಿಮ್ಮ ಜ್ಞಾನಸ್ನಾನವನ್ನು ಸ್ಮರಿಸಿಕೊಳ್ಳಿ. ನಾವು ಕ್ರಿಸ್ತನೊಡನೆ ಹೂಣಲ್ಪಟ್ಟು, ಆತನೊಡನೆ ಹೊಸ ಜೀವದಲ್ಲಿ ನಡೆಯುವವರಾದೆವು ಎಂದು ರೋಮಾಪುರದವರಿಗೆ ಬರೆದ ಪತ್ರದ ಆರನೆಯ ಅಧ್ಯಾಯ ಹೇಳುತ್ತದೆ. ಅದೇ ಅಧ್ಯಾಯದ ಕೊನೆಯಲ್ಲಿ ಪೌಲನು ಪಾಪ ಕೊಡುವುದನ್ನು ಸಂಬಳವೆಂದೂ ದೇವರು ಕೊಡುವುದನ್ನು ಉಚಿತವಾದ ವರವೆಂದೂ ಕರೆಯುತ್ತಾನೆ. ಕೂಲಿಯ ಲೆಕ್ಕದಲ್ಲೇ ಬದುಕುವ ನಮ್ಮಂಥ ತೋಟದವರಿಗೆ ಈ ಎರಡು ಪದಗಳ ಅಂತರ ಬೇಗ ತಿಳಿಯುತ್ತದೆ, ಒಪ್ಪಿಕೊಳ್ಳುವುದು ಮಾತ್ರ ತಡ. ಇಂದು ನಾನು ಮಾಡುವ ಯಾವ ಒಳ್ಳೆಯ ಕೆಲಸವೂ ಕ್ಷಮೆಯನ್ನು ಗಳಿಸಲು ಅಲ್ಲ, ಕ್ಷಮೆ ಆಗಲೇ ಸಿಕ್ಕಿದೆ ಎಂದು ಒಂದು ವಾಕ್ಯದಲ್ಲಿ ಹೇಳಿಕೊಂಡು ಶಿಲುಬೆಯ ಗುರುತು ಹಾಕಿಕೊಳ್ಳಿ. ಇದಕ್ಕೆ ಒಂದು ನಿಮಿಷ ಸಾಕು.

ಕಣದಲ್ಲಿ

ರೊಬಸ್ಟಾ ಕೊಯ್ಲಿನ ತಿಂಗಳುಗಳಲ್ಲಿ ಸಂಜೆ ನಾಲ್ಕೂವರೆಗೆ ಕಣದಲ್ಲಿ ತೂಕ ಶುರುವಾಗುತ್ತದೆ. ಹಣ್ಣು ಕುಯ್ದವರು ತಲೆಯ ಮೇಲೆ ಚೀಲ ಹೊತ್ತು ಬಂದು ಸಾಲಾಗಿ ನಿಲ್ಲುತ್ತಾರೆ. ಕಿಲೋಗೆ ಇಂತಿಷ್ಟು ಎಂಬ ಕೂಲಿಯಾದ್ದರಿಂದ ಎಲ್ಲರ ಕಣ್ಣೂ ತಕ್ಕಡಿಯ ಮೇಲೆ. ನಮ್ಮದು ಸಣ್ಣ ತೋಟ. ರೈಟರ್ ಇಲ್ಲ, ತೂಕ ಬರೆಯುವವನು ನಾನೇ. ತಕ್ಕಡಿ 42 ಕಿಲೋ 600 ಗ್ರಾಂ ತೋರಿಸಿದರೆ ನಾನು ಪುಸ್ತಕದಲ್ಲಿ 40 ಎಂದು ಬರೆಯುತ್ತಿದ್ದೆ. ಚೀಲಕ್ಕೆ ಒಂದು ಕಿಲೋ, ಎಲೆಕಡ್ಡಿಗೆ ಒಂದು, ಗ್ರಾಮಿನ ಲೆಕ್ಕ ಯಾರಿಡುತ್ತಾರೆ ಎಂಬುದು ನನ್ನ ಸಮಾಧಾನ. ಎಲ್ಲ ಕಡೆಯೂ ಹೀಗೆಯೇ ಎಂಬುದು ಇನ್ನೊಂದು ಸಮಾಧಾನ.

ಈಸ್ಟರಿಗೆ ಮುಂಚಿನ ಉಪವಾಸದ ದಿನಗಳಾದ ತಪಸ್ಸುಕಾಲದ ಒಂದು ಶುಕ್ರವಾರ, ಯೇಸು ಶಿಲುಬೆ ಹೊತ್ತು ನಡೆದದ್ದನ್ನು ಸ್ಥಳ ಸ್ಥಳವಾಗಿ ನಿಂತು ಧ್ಯಾನಿಸುವ ಶಿಲುಬೆಹಾದಿಯ ಹತ್ತನೆಯ ಸ್ಥಳದ ಮುಂದೆ ನಿಂತಿದ್ದೆವು, ಯೇಸುವಿನ ಉಡುಪನ್ನು ಕಳಚುವ ಸ್ಥಳ ಅದು. ಸೈನಿಕರು ಆ ಬಟ್ಟೆಯನ್ನು ತಮ್ಮ ತಮ್ಮಲ್ಲಿ ಹಂಚಿಕೊಂಡರೆಂಬ ಮಾತು ಬಂದಾಗ ನನಗೆ ಅಂದಿನ ಸಂಜೆಯ ಪುಸ್ತಕ ಕಣ್ಣಿಗೆ ಕಟ್ಟಿತು. ಅವರೂ ಅದನ್ನು ಕಳವೆಂದು ಭಾವಿಸಿರಲಾರರು. ಆ ಕೆಲಸದಲ್ಲಿ ಅದು ನಡೆದು ಬಂದ ಪದ್ಧತಿಯಿದ್ದೀತು. ಮರುದಿನ ಖಾಲಿ ಪ್ಲಾಸ್ಟಿಕ್ ಚೀಲವನ್ನು ತೂಗಿ ನೋಡಿದೆ. ನೂರೈವತ್ತು ಗ್ರಾಂ ಕೂಡ ಇರಲಿಲ್ಲ.

ಈಗ ನಮ್ಮಲ್ಲಿರುವ ಕ್ರಮ ಇದು. ಕೊಯ್ಲಿನ ಮೊದಲ ದಿನ ಎಲ್ಲರ ಎದುರಿಗೆ ಖಾಲಿ ಚೀಲವನ್ನು ತೂಗಿ, ಅಷ್ಟನ್ನು ಮಾತ್ರ ಕಳೆಯುವುದು. ಎಲೆಕಡ್ಡಿ ಹೆಚ್ಚಿದ್ದರೆ ಅಂದಾಜಿನಲ್ಲಿ ಕಡಿಯದೆ, ಟಾರ್ಪಲಿನ ಮೇಲೆ ಸುರಿದು ಆರಿಸಲು ಹತ್ತು ನಿಮಿಷ ಬಿಡುವುದು. ತಕ್ಕಡಿಯ ಮುಖವನ್ನು ಚೀಲ ತಂದವರ ಕಡೆಗೆ ತಿರುಗಿಸಿಡುವುದು. ಅಂಕಿಯನ್ನು ಗಟ್ಟಿಯಾಗಿ ಓದಿ, ಗ್ರಾಂ ಸಮೇತ ಬರೆಯುವುದು. ಅಸ್ಸಾಂ ಕಡೆಯಿಂದ ಬಂದವರಿಗೆ ಕನ್ನಡ ಅಂಕಿ ತಿಳಿಯದಿದ್ದರೆ ಅವರ ಫೋನಿನಲ್ಲೇ ಅದನ್ನು ಒತ್ತಿ ತೋರಿಸುವುದು. ಇದರಿಂದ ತೂಕ ಮುಗಿಯುವುದು ಅರ್ಧ ಗಂಟೆ ತಡವಾಗುತ್ತದೆ, ಕೂಲಿಯ ಮೊತ್ತವೂ ಏರುತ್ತದೆ. ಏರಲಿ ಎನ್ನಲು ನನಗೆ ಬಹಳ ದಿನ ಬೇಕಾಯಿತು.

ಇದಕ್ಕೂ ಪುನರುತ್ಥಾನಕ್ಕೂ ಏನು ಸಂಬಂಧ ಎಂದು ನೀವು ಕೇಳಬಹುದು. ಮರಣದ ಭಯದಿಂದ ಜೀವಮಾನವೆಲ್ಲ ದಾಸರಾಗಿರುವವರನ್ನು ಬಿಡಿಸಲು ಕ್ರಿಸ್ತನು ಬಂದನೆಂದು ಇಬ್ರಿಯರಿಗೆ ಬರೆದ ಪತ್ರದ ಎರಡನೆಯ ಅಧ್ಯಾಯದಲ್ಲಿದೆ. ಎರಡು ಕಿಲೋ ಹಣ್ಣಿಗೆ ಕೈ ಬಿಗಿಹಿಡಿಯುವಂತೆ ಮಾಡುವುದು ದುರಾಸೆಗಿಂತಲೂ ಹೆಚ್ಚಾಗಿ ಆ ಭಯವೇ: ನಾಳೆ ದರ ಬಿದ್ದರೆ, ಮಳೆ ಕೈಕೊಟ್ಟರೆ, ನಾನು ಮಲಗಿಬಿಟ್ಟರೆ ಎಂಬ ಭಯ. ನಾನು ಇನ್ನೊಬ್ಬರಿಂದ ಏನನ್ನು ಕಿತ್ತುಕೊಂಡೆನೆಂದು ಶಿಲುಬೆ ತೋರಿಸಿತು. ಕೊನೆಯ ಮಾತು ಸಾವಿನದಲ್ಲ ಎಂದಾದ ಮೇಲೆ ಆ ಬಿಗಿಮುಷ್ಟಿ ಅನಗತ್ಯ ಎಂಬುದನ್ನು ತಿಳಿಸಿದ್ದು ಖಾಲಿ ಸಮಾಧಿ.

ನಿಮ್ಮ ಕೆಲಸ ಕಾಫಿಯದ್ದಲ್ಲದಿರಬಹುದು. ಹೋಂಸ್ಟೇಯ ಬಿಲ್ಲಿರಲಿ, ಅಂಗಡಿಯ ಉದ್ದರಿ ಪುಸ್ತಕವಿರಲಿ, ಶಾಲೆಯ ಉತ್ತರಪತ್ರಿಕೆಯಿರಲಿ, ನಿಮ್ಮ ಕೈ ತಾನಾಗಿಯೇ ಅಂಕಿಯನ್ನು ನಿಮ್ಮ ಕಡೆಗೆ ತಿರುಗಿಸುವ ಜಾಗ ಒಂದಿರುತ್ತದೆ. ಮೊದಲು ಅದೊಂದನ್ನು ಹುಡುಕಿ. ಹಿಂದೆ ಕಿತ್ತುಕೊಂಡದ್ದನ್ನು ಪಾಪನಿವೇದನೆಯಲ್ಲಿ ಹೇಳಿದರಷ್ಟೇ ಸಾಲದು, ಹಿಂದಿರುಗಿಸಬೇಕು. ಯೇಸುವನ್ನು ಕಂಡ ಸುಂಕದವನಾದ ಜಕ್ಕಾಯನು ಮೋಸದಿಂದ ಪಡೆದದ್ದಕ್ಕೆ ನಾಲ್ಕರಷ್ಟು ಕೊಡುವೆನೆಂದ, ನನ್ನಿಂದ ಅಷ್ಟಾಗಲಿಲ್ಲ. ಆ ವರ್ಷದ ಚೀಲಗಳ ಸಂಖ್ಯೆಯನ್ನು ಕಡಿತದಿಂದ ಗುಣಿಸಿ, ಬಂದ ಹಣವನ್ನು ಒಬ್ಬೊಬ್ಬರಿಗೆ ಕೊಟ್ಟೆ. ಊರಿಗೆ ಹೊರಟುಹೋಗಿದ್ದ ಇಬ್ಬರಿಗೆ ತಲುಪಿಸಲಾಗಲಿಲ್ಲ.

ಗಡಿಯ ಮರದ ಕೆಳಗೆ

ಪಾಲಾದ ತೋಟಗಳಲ್ಲಿ ಗಡಿಯ ಹಾಲುವಾಣ ಮರ ಅಣ್ಣನದೋ ತಮ್ಮನದೋ ಎಂಬ ಜಗಳ ಒಂದು ತಲೆಮಾರು ನಡೆಯಬಲ್ಲದು. ಇಂಥ ಜಗಳವಿರುವವರು ಯೋಹಾನನ ಶುಭಸಂದೇಶದ 18 ಮತ್ತು 21ನೆಯ ಅಧ್ಯಾಯಗಳನ್ನು ಒಟ್ಟಿಗೆ ಓದಬೇಕು. ಶಿಷ್ಯನಾದ ಪೇತ್ರನು, ಯೇಸು ಸೆರೆಯಾದ ರಾತ್ರಿ, ಆತನನ್ನು ಅರಿಯೆನೆಂದದ್ದು ಕೆಂಡದ ಬೆಂಕಿಯ ಮುಂದೆ ಚಳಿ ಕಾಯಿಸಿಕೊಳ್ಳುತ್ತ. ಎದ್ದುಬಂದ ಯೇಸು ಅವನನ್ನು ಕರೆದದ್ದೂ ಕೆಂಡದ ಬೆಂಕಿಯ ಪಕ್ಕಕ್ಕೇ, ಸುಟ್ಟ ಮೀನು ರೊಟ್ಟಿಯ ಊಟಕ್ಕೆ. ಮೂಲ ಗ್ರೀಕಿನಲ್ಲಿ ಕೆಂಡದ ಬೆಂಕಿಗೆ ಬಳಸಿದ ಆ ಪದ ಹೊಸ ಒಡಂಬಡಿಕೆಯಲ್ಲಿ ಈ ಎರಡು ಕಡೆ ಬಿಟ್ಟರೆ ಬೇರೆಲ್ಲಿಯೂ ಇಲ್ಲ. ಮೂರು ಬಾರಿ ಅಲ್ಲಗಳೆದವನಿಗೆ ಮೂರು ಬಾರಿ ಕೇಳಿದ ಪ್ರಶ್ನೆ ಪ್ರೀತಿಯ ಕುರಿತದ್ದು. ಆ ರಾತ್ರಿ ಹಾಗೇಕೆ ಮಾಡಿದೆ ಎಂದು ಯೇಸು ಒಮ್ಮೆಯೂ ಕೇಳಲಿಲ್ಲ.

ರಾಜಿಯಾಗುವ ರೀತಿಯನ್ನು ಇದರಿಂದ ಕಲಿಯಬಹುದು. ಮೊದಲು ಊಟ, ಆಮೇಲೆ ಮಾತು. ಮುರಿದ ಜಾಗಕ್ಕೇ ಹಿಂದಿರುಗಿ, ಮೂರನೆಯವರ ಮನೆಯ ಜಗಲಿಯಲ್ಲಿ ಪಂಚಾಯಿತಿ ಬೇಡ. ಹಳೆಯ ಮಾತುಗಳ ಪಟ್ಟಿ ಒಪ್ಪಿಸಬೇಡಿ. ಕೊನೆಯಲ್ಲಿ ಒಂದು ಜವಾಬ್ದಾರಿ ಕೊಡಿ, ಪೇತ್ರನಿಗೆ ಕುರಿಗಳನ್ನು ಒಪ್ಪಿಸಿದ ಹಾಗೆ. ಈ ಸಲ ಆ ಮರದ ರೆಂಬೆ ಸವರುವ ಕೆಲಸ ನೀನೇ ಮಾಡಿಸಪ್ಪ ಎಂದರೂ ಆಯಿತು. ಎದ್ದುಬಂದ ಯೇಸುವಿನ ಕೈಗಳಲ್ಲಿ ಮೊಳೆಯ ಗಾಯ ಹಾಗೆಯೇ ಇತ್ತು ಎಂಬುದನ್ನೂ ಮರೆಯಬಾರದು. ಕ್ಷಮಿಸಿದೆನೆಂದರೆ ಏನೂ ಆಗಿಲ್ಲವೆಂದು ನಟಿಸಬೇಕೆಂದಿಲ್ಲ, ಸರ್ವೆ ಮಾಡಿಸಿ ಕಲ್ಲು ನೆಡುವುದು ಕ್ಷಮೆಗೆ ವಿರುದ್ಧವೂ ಅಲ್ಲ.

ಸಾವಿನ ಮನೆಯಲ್ಲಿ

2018ರ ಆಗಸ್ಟ್‌ನಲ್ಲಿ ಮಕ್ಕಂದೂರು, ಜೋಡುಪಾಲದ ಕಡೆ ಗುಡ್ಡಗಳು ಜರಿದಾಗ ಪುನರುತ್ಥಾನವನ್ನು ನಂಬುವ ನಾವು ಹೇಳಬಾರದ ಮಾತುಗಳನ್ನು ಬಹಳ ಹೇಳಿದೆವು. ಎಲ್ಲ ದೇವರ ಚಿತ್ತ ಎಂಬುದು ಅವುಗಳಲ್ಲಿ ಒಂದು. ಲಾಜರನನ್ನು ಇನ್ನೇನು ಎಬ್ಬಿಸಲಿದ್ದೇನೆಂದು ಬಲ್ಲ ಯೇಸುವೇ ಅವನ ಸಮಾಧಿಯ ಬಳಿ ಅತ್ತನು. ಹಾಗಿರುವಾಗ ಅಳುವವರ ಬಾಯಿ ಮುಚ್ಚಿಸುವ ಅವಸರ ನಮಗೇಕೆ? ಸಾವಿನ ಮನೆಗೆ ಹೋದಾಗ ಕಡಿಮೆ ಮಾತಾಡಿ. ಸತ್ತವರ ಹೆಸರು ಹಿಡಿದು ಮಾತಾಡಿ. ಜನ ಕರಗಿದ ಮೇಲೆ, ಎಂಟನೆಯ ದಿನವೋ ಹದಿನೈದನೆಯ ದಿನವೋ, ಮತ್ತೊಮ್ಮೆ ಹೋಗಿ. ಮರಣ ಪ್ರಮಾಣಪತ್ರಕ್ಕೆ ಅಲೆಯಲು, ಬ್ಯಾಂಕಿನ ಫಾರಂ ತುಂಬಲು ಜೊತೆಗಿರಿ. ಕ್ರಿಸ್ತನನ್ನು ಪೌಲನು ಸತ್ತವರೊಳಗಿಂದ ಬಂದ ಪ್ರಥಮಫಲವೆಂದು ಕರೆಯುತ್ತಾನೆ. ಪುತ್ತರಿಯಲ್ಲಿ ಕದಿರು ಕೊಯ್ದು ಮನೆಗೆ ತರುವುದನ್ನು ಕಂಡಿರುವ ಕೊಡಗಿನವರಿಗೆ ಇದನ್ನು ವಿವರಿಸಬೇಕಾಗಿಲ್ಲ: ಮೊದಲ ಕದಿರು ಮನೆಗೆ ಬಂತೆಂದರೆ ಗದ್ದೆಯಲ್ಲಿ ಉಳಿದದ್ದೂ ಬರಲಿದೆ. ಆದರೆ ಈ ಮಾತನ್ನು ಅವರಾಗಿ ಕೇಳಿದ ದಿನ ಹೇಳಿ.

ಶುಕ್ರವಾರಕ್ಕೂ ಭಾನುವಾರಕ್ಕೂ ನಡುವೆ ಒಂದು ಶನಿವಾರವಿದೆ, ಏನೂ ನಡೆಯದ ದಿನ. ಅದು ನಮ್ಮ ಕಕ್ಕಡ ಮಾಸದ ಹಾಗೆ: ಬಿಸಿಲಿಲ್ಲ, ಬಟ್ಟೆ ಒಣಗದು, ಮಳೆ ನಿಲ್ಲುವ ಸೂಚನೆಯೂ ಇಲ್ಲ. ಬಹಳ ಮಂದಿಯ ಬದುಕು ಹೆಚ್ಚಾಗಿ ನಡೆಯುವುದು ಆ ಶನಿವಾರದಲ್ಲೇ. ಆಗ ಪ್ರಾರ್ಥನೆ ಬಾರದಿದ್ದರೆ ಒಂದು ಕೀರ್ತನೆಯನ್ನು ಓದಿ ಮಲಗಿ. 88ನೆಯದು ಒಂದು ಆಶೆಯ ಮಾತೂ ಇಲ್ಲದೆ ಕತ್ತಲಲ್ಲೇ ಮುಗಿಯುತ್ತದೆ, ಆದರೂ ಅದು ಪ್ರಾರ್ಥನೆಯೇ.

ನೆರೆಯವರ ವಿಷಯದಲ್ಲಿ ಒಂದೇ ಮಾತು. ವಿರಾಜಪೇಟೆಯ ಸಂತ ಅನ್ನಮ್ಮನವರ ಚರ್ಚು 1792ರಲ್ಲಿ ಆರಂಭವಾದದ್ದು ಟಿಪ್ಪುವಿನಿಂದ ತಪ್ಪಿಸಿಕೊಂಡು ಬಂದ ಕ್ರೈಸ್ತರಿಗೆ ದೊಡ್ಡ ವೀರರಾಜೇಂದ್ರನು ಆಶ್ರಯ ಕೊಟ್ಟದ್ದರಿಂದ. ಕೈ ಖಾಲಿಯಾಗಿ ಬಂದವರಿಗೆ ಬೇರೆ ಧರ್ಮದ ಅರಸನು ನೆಲ ಕೊಟ್ಟ ನಾಡು ಇದು. ತೋಟದ ಕೆಲಸಗಾರರ ಲೈನ್ ಮನೆಗೆ ಹೊಸದಾಗಿ ಬಂದ ಕುಟುಂಬಕ್ಕೆ ಒಂದು ಕಂಬಳಿ ಕೊಡುವ ಮುಂಚೆ ಅವರ ಧರ್ಮ ಕೇಳುವುದು ನಮಗೆ ಸಲ್ಲದು.

ಹಬ್ಬದ ನಂತರದ ಐವತ್ತು ದಿನಗಳು

ತಪಸ್ಸುಕಾಲಕ್ಕೆ ನಲವತ್ತು ದಿನ, ಪಾಸ್ಖಕಾಲಕ್ಕೆ ಐವತ್ತು. ಉಪವಾಸವನ್ನು ಲೆಕ್ಕವಿಟ್ಟು ಮಾಡುವ ನಾವು ಆ ಐವತ್ತು ದಿನಗಳಿಗೆ ಯಾವ ಅಭ್ಯಾಸವನ್ನೂ ಇಟ್ಟುಕೊಂಡಿಲ್ಲ. ಒಂದನ್ನು ಸೂಚಿಸುತ್ತೇನೆ. ಕೊರಿಂಥದವರಿಗೆ ಬರೆದ ಮೊದಲ ಪತ್ರದ 15ನೆಯ ಅಧ್ಯಾಯದಲ್ಲಿ ಪೌಲನು ಪುನರುತ್ಥಾನವನ್ನು ಕುರಿತು ಐವತ್ತೆಂಟು ವಚನ ಬರೆದು, ನಿಮ್ಮ ಪ್ರಯಾಸ ವ್ಯರ್ಥವಲ್ಲ ಎಂದು ಮುಗಿಸುತ್ತಾನೆ. ಮುಂದಿನ ವಚನದಲ್ಲೇ ಜೆರುಸಲೇಮಿನವರಿಗಾಗಿ ಹಣ ಕೂಡಿಸುವ ಮಾತು: ವಾರದ ಮೊದಲನೆಯ ದಿನ, ಅಂದರೆ ಕ್ರಿಸ್ತನು ಎದ್ದ ದಿನ, ಪ್ರತಿಯೊಬ್ಬರೂ ತಮಗೆ ದೊರೆತದ್ದಕ್ಕೆ ತಕ್ಕಂತೆ ಸ್ವಲ್ಪ ಎತ್ತಿಡಬೇಕು. ಭಾನುವಾರ ಬಲಿಪೂಜೆಯಿಂದ ಬಂದವರು ಬಟ್ಟೆ ಬದಲಿಸುವ ಮೊದಲೇ ಇದನ್ನು ಮಾಡಿ, ಯಾರಿಗಾಗಿ ಎಂದು ಮೊದಲೇ ಹೆಸರು ನಿಶ್ಚಯಿಸಿಕೊಂಡಿರಿ. ನಮ್ಮ ಮನೆಯಲ್ಲಿ ಅದಕ್ಕೆ ಅಡುಗೆಮನೆಯ ಹಲಗೆಯ ಮೇಲೆ ಒಂದು ಹಳೆಯ ಹಾರ್ಲಿಕ್ಸ್ ಬಾಟಲಿಯಿದೆ. ಊರಿಗೆ ಹೊರಟುಹೋಗಿದ್ದ ಆ ಇಬ್ಬರು ಕೆಲಸಗಾರರ ಬಾಕಿಯನ್ನು ಬೇರೆ ಕವರಿನಲ್ಲಿ ಹಾಕಿ ಅದರೊಳಗೇ ಇಟ್ಟಿದ್ದೇವೆ. ಅವರ ಊರಿನ ಕಡೆಯವರು ಕೊಯ್ಲಿಗೆ ಬಂದಾಗಲೆಲ್ಲ ವಿಚಾರಿಸುತ್ತೇವೆ.