ಮಾಲ್ಟಾಕ್ಕೆ ಹೊಸದಾಗಿ ಬಂದವರಿಗೆ: ಕಬೀರ, ಅಕ್ಬರ್ ಮತ್ತು ಬೇಕರಿ ಅಜ್ಜಿ

ನಾನು ಇಲ್ಲಿಗೆ ಬಂದ ಹೊಸತು. ಬೇಕರಿಯಲ್ಲಿ ದೊಡ್ಡ ಬ್ರೆಡ್ ಬೇಕಿತ್ತು. 'ಹೊಬ್ಝ ಕ್‌ಬೀರ್' ಅಂದೆ. ಅಂಗಡಿಯ ಅಜ್ಜಿ ಬ್ರೆಡ್ ಕಟ್ಟಿಕೊಡುತ್ತಾ ಮೆಲ್ಲಗೆ 'ಕ್‌ಬೀರಾ' ಎಂದು ತಿದ್ದಿದರು. ಮಾಲ್ಟೀಸ್‌ನಲ್ಲಿ ನನ್ನ ಮೊದಲ ಪಾಠ ಅದೇ.

ನಮಗೆ ದೊಡ್ಡ ಮನೆ, ದೊಡ್ಡ ಹುಡುಗ, ದೊಡ್ಡ ಮನೆಗಳು. 'ದೊಡ್ಡ' ಅಲುಗುವುದೇ ಇಲ್ಲ. ಇಲ್ಲಿ ಹಾಗಲ್ಲ. ಹೆಸರು ಮೊದಲು, ಗುಣ ಆಮೇಲೆ. ಹೆಸರು ಹೆಣ್ಣಾದರೆ ಗುಣವೂ ಹೆಣ್ಣು. ಬ್ರೆಡ್ಡು, ಮನೆ, ರಸ್ತೆ ಎಲ್ಲಾ ಹೆಣ್ಣೇ: ಕ್‌ಬೀರಾ. ಪುಸ್ತಕ ಗಂಡು: ಕ್‌ಬೀರ್. ಬಹುವಚನಕ್ಕೆ ಕ್‌ಬಾರ್.

ಈ ಪದ ನಿಮಗೆ ಹೊಸದೇನಲ್ಲ. ನಮ್ಮ ಕಬೀರದಾಸರ ಹೆಸರಿನ ಅರಬ್ಬಿ ಪದವೇ ಇದು, 'ದೊಡ್ಡವನು' ಎಂದು ಅರ್ಥ. 'ಅದಕ್ಕಿಂತ ದೊಡ್ಡದು' ಎನ್ನಲು ಅಕ್ಬರ್! 870ರಲ್ಲಿ ಅರಬ್ಬರು ಈ ದ್ವೀಪ ಗೆದ್ದರು. ಸಿಸಿಲಿಯ ಅರಬ್ಬಿಯಿಂದ ಬೆಳೆದ ಭಾಷೆ ಇದು, ಬರೆಯುವುದು ಮಾತ್ರ ಲ್ಯಾಟಿನ್ ಲಿಪಿಯಲ್ಲಿ.

ಆಮೇಲೆ ಸಿಸಿಲಿ, ಇಟಲಿಯ ನಂಟು ಶತಮಾನಗಳ ಕಾಲ ನಡೆಯಿತು. ಹಾಗೆ ಲ್ಯಾಟಿನ್ ಮೂಲದ ಪದಗಳು ರಾಶಿ ರಾಶಿ ಬಂದವು. ಹಳೆಯ ಕಾಲದ್ದು ಎನ್ನಲು 'ಆಂತೀಕ್', ಹೆಣ್ಣಿಗೆ 'ಆಂತೀಕಾ'. ನೋಡಿ, ಅರಬ್ಬಿಯಲ್ಲೂ ಹೆಣ್ಣಿಗೆ 'ಆ', ಲ್ಯಾಟಿನ್ನಲ್ಲೂ 'ಆ'. ಎರಡಕ್ಕೂ ಸಂಬಂಧವಿಲ್ಲ, ಆದರೆ ಕಲಿಯುವವರಿಗೆ ಎಷ್ಟು ಅನುಕೂಲ ಅಲ್ವಾ! ಬೇರೆಯಾಗುವುದು ಹೋಲಿಸುವಾಗ. ಅರಬ್ಬಿ ಮೂಲದ ಪದ ಒಳಗೇ ಬದಲಾಗುತ್ತದೆ: ಕ್‌ಬೀರ್, ಅಕ್ಬರ್. ಲ್ಯಾಟಿನ್ ಮೂಲದ್ದಕ್ಕೆ ಸಾಮಾನ್ಯವಾಗಿ ಮುಂದೆ 'ಇಕ್ತಾರ್' ಸೇರಿಸಿದರೆ ಸಾಕು: ಇಕ್ತಾರ್ ಆಂತೀಕ್. ಅದಕ್ಕೇ ಹೊಸ ಪದ ಸಿಕ್ಕಾಗ ಅದು ಯಾವ ಮನೆಯದ್ದು ಎಂದು ಕೇಳಿಕೊಳ್ಳಿ.

ಬಡವನಿಗೆ ಇಲ್ಲಿ ಬರೆಯುವುದು 'ಫ್ಕಿರ್', ನಮ್ಮ ಫಕೀರನೇ. ಹೇಳುವಾಗ 'ಕ' ಕೇಳಿಸಬಾರದು, ಗಂಟಲು ಒಂದು ಕ್ಷಣ ಕಟ್ಟಿ ಬಿಡಬೇಕು. ಶ್ರೀಮಂತನಿಗೆ 'ಸಿನ್ಯೂರ್'. ಅದರ ಬೇರು ಲ್ಯಾಟಿನ್ನಿನ 'ಸೀನಿಯರ್', ಅಂದರೆ 'ಹೆಚ್ಚು ವಯಸ್ಸಾದವನು'. ಹಿರಿಯ ಹೋಗಿ ಯಜಮಾನನಾದ, ಯಜಮಾನ ಹೋಗಿ ಹಣವಂತನಾದ. ಬಡತನ ಅರಬ್ಬಿಯಲ್ಲಿ, ಸಿರಿತನ ಲ್ಯಾಟಿನ್ನಲ್ಲಿ! ಆಳಿದವರು ಯಾವ ಕಡೆಯವರು ಎಂದು ಈ ಎರಡು ಪದಗಳೇ ಹೇಳುತ್ತವೆ ಎಂದು ನನಗೆ ಅನಿಸುತ್ತದೆ.

ಗಲ್ಫ್‌ನಲ್ಲಿ ಇದ್ದು ಬಂದವರು ಸ್ವಲ್ಪ ಹುಷಾರು. ಅಲ್ಲಿ 'ಹಜೀನ್' ಎಂದರೆ ದುಃಖದಲ್ಲಿರುವವನು. ಇಲ್ಲಿ ಅದೇ ಪದಕ್ಕೆ 'ಕೆಟ್ಟ' ಎಂದು ಅರ್ಥ. ಬೇಸರದಲ್ಲಿರುವ ಗೆಳೆಯನಿಗೆ ಹೇಳಿಬಿಡಬೇಡಿ.

ಅಭ್ಯಾಸಕ್ಕೆ ಊರಿನ ಬೋರ್ಡುಗಳನ್ನೇ ಓದಿ. ಬ್ಲಾತಾ ಲ್-ಬಾಯ್ದಾ ಎಂದರೆ ಬಿಳಿ ಬಂಡೆ. ಗೋಝೋ ದ್ವೀಪದ ರಮ್ಲಾ ಲ್-ಹಮ್ರಾ ಕೆಂಪು ಮರಳಿನ ತೀರ. ಬಂದರಿನ ಆಚೆಗಿರುವ ಇಸ್ಲಾ ಊರಿಗೆ 1565ರಲ್ಲಿ ತುರ್ಕರ ಮುತ್ತಿಗೆಯನ್ನು ತಡೆದು ಗೆದ್ದ ಮೇಲೆ 'ಇನ್ವಿಕ್ತಾ' ಎಂಬ ಬಿರುದು ಬಂತು. ಅದು ಲ್ಯಾಟಿನ್, 'ಸೋಲದವಳು' ಎಂದರ್ಥ. ನಗರವೂ ಹೆಣ್ಣೇ, ಕೊನೆಯ 'ಆ' ಕೇಳಿಸಿತಲ್ಲ?

ಇನ್ನೊಂದು ಪದ, ನನಗೆ ತುಂಬಾ ಇಷ್ಟವಾದದ್ದು: 'ಝೆಯ್ಯೆದ್'. ಬೇಕಾದ್ದಕ್ಕಿಂತ ಹೆಚ್ಚಿನದು ಎಂದರ್ಥ. ನಾವು ದಿನಾ ಆಡುವ 'ಜಾಸ್ತಿ' ಇದೇ ಅರಬ್ಬಿ ಬೇರಿನಿಂದ ಪಾರ್ಸಿ ದಾರಿಯಲ್ಲಿ ನಮ್ಮೂರಿಗೆ ಬಂದದ್ದು. ಕಾಫಿಗೆ ಸಕ್ಕರೆ ಹೆಚ್ಚಾದ ದಿನ ಈ ಪದ ನೆನಪಿಸಿಕೊಳ್ಳಿ.